ಬಂಡೆಮ್ಮನ ಬೆರಳಿಗೆ ಒಗ್ಗಿದ ಆ್ಯಪು

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯೊಂದರಲ್ಲಿ ಮೆಹಬೂಬ್ ಪಾಷಾ ಅವರ ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬಕ್ಕೆ ಶುಭ ಕೋರುವವರು, ಶ್ರದ್ಧಾಂಜಲಿ ಹಾಕಿಸುವವರು, ಚುನಾವಣೆ ಬಂತೆಂದರೆ ಕೈ ಮುಗಿದು ನಿಂತ ಫೋಟೋ ತರುವವರು, ಎಲ್ಲರೂ ಅಲ್ಲಿಗೇ ಬರುತ್ತಾರೆ. ಆ ಅಂಗಡಿಯ ಕಂಪ್ಯೂಟರಿನ ಮುಂದೆ ಹನ್ನೊಂದು ವರ್ಷದಿಂದ ಕೂತಿರುವವಳು ಭಾಗ್ಯಜ್ಯೋತಿ. ಊರು ಮಾನ್ವಿ ತಾಲ್ಲೂಕಿನ ಪೋತ್ನಾಳ. ಅಪ್ಪ ಉರುಕುಂದಪ್ಪನದು ಅಲ್ಲಿ ರಸ್ತೆ ಬದಿಗೆ ಪಂಕ್ಚರ್ ಅಂಗಡಿ. ಪಾಲಿಟೆಕ್ನಿಕ್ ಮುಗಿಸಿ, ಆರು ತಿಂಗಳು ಕೆಲಸ ಕಲಿತು ಬರುತ್ತೇನೆಂದು ರಾಯಚೂರಿಗೆ ಬಂದವಳು ಇಲ್ಲಿಯೇ ನಿಂತುಬಿಟ್ಟಳು.

ಕೆಲಸ ಕಲಿಸಿದವರು ಪಾಷಾ. ಅವರದು ಒಂದೇ ಪಾಠ. "ಓಡೋ ಬಸ್ಸಿನ್ಯಾಗ ಕುಂತವ್ರಿಗೆ ಮೂರು ಎಣಿಸೋದ್ರಾಗ ತಿಳೀಬೇಕು ಬೇಟಿ. ತಿಳೀಲಿಲ್ಲಂದ್ರ ಅದು ಫ್ಲೆಕ್ಸ್ ಅಲ್ಲ, ಬರೇ ಬಟ್ಟಿ." ಈ ಪಾಠವನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು.

ಅವಳ ಬಗ್ಗೆ ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಭಾಗ್ಯಜ್ಯೋತಿಗೆ ನಾಯಿ ಕಂಡರೆ ಭಯ. ಸಣ್ಣ ಭಯವಲ್ಲ, ಗಲ್ಲಿಯ ಬಾಯಲ್ಲಿ ನಾಯಿ ಮಲಗಿದ್ದರೆ ಸುತ್ತು ಹಾಕಿ ಇನ್ನೊಂದು ದಾರಿಯಿಂದ ಬರುವಷ್ಟು ಭಯ. ಎಂಟು ವರ್ಷದವಳಿದ್ದಾಗ ಪೋತ್ನಾಳದಲ್ಲಿ ನಾಯಿಯೊಂದು ಅವಳ ಕಾಲು ಹಿಡಿದಿತ್ತು. ಆಗ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕುತ್ತಿದ್ದ ಕಾಲ. ಉರುಕುಂದಪ್ಪ ಹದಿನಾಲ್ಕು ದಿನವೂ ಅಂಗಡಿ ಮುಚ್ಚಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳಗಿನ ಬಸ್ಸಿಗೆ ಮಾನ್ವಿಯ ದವಾಖಾನೆಗೆ ಹೋಗುತ್ತಿದ್ದ. ಸೂಜಿ ಹಾಕುವಾಗ ತನ್ನ ಹೆಬ್ಬೆರಳನ್ನು ಅವಳ ಬಾಯಿಗೆ ಕೊಡುತ್ತಿದ್ದ, ಕಚ್ಚಿಕೋ ಎಂದು. "ನಾಯಿ ಕಚ್ಚಿದ್ದು ನನಗ, ನಾ ಕಚ್ಚಿದ್ದು ಅಪ್ಪಗ" ಎಂದು ಈಗ ನಗುತ್ತಾಳೆ.

ಇಂಥವಳು ನಾಯಿ ಸಾಕಿದವರಿಗಾಗಿ ಒಂದು ಆ್ಯಪು ಮಾಡಿದಳು. ಅದು ಶುರುವಾದದ್ದು ಹೀಗೆ.

ಕೆಲವು ವರ್ಷದ ಹಿಂದೆ, ಭತ್ತದ ಕೊಯ್ಲು ಮುಗಿದ ದಿನಗಳು. ಒಂದು ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದಳು. ಹೆಗಲ ಮೇಲೆ ಕರಿ ಕಂಬಳಿ, ಹಣೆ ತುಂಬ ಕುಂಕುಮ, ಕೈಯಲ್ಲಿ ಯಾರದೋ ಮೊಬೈಲು. ಹೆಸರು ಬಂಡೆಮ್ಮ, ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯವಳು. ಗಂಡ ಗದ್ದೆಪ್ಪನ ಜೊತೆ ಕುರಿ ಮೇಯಿಸುತ್ತ ರಾಯಚೂರಿನ ಸುತ್ತಲಿನ ಹೊಲಗಳಿಗೆ ಬಂದಿದ್ದಳು.

"ಒಳಗ ಬರ್ರಿ ದೊಡ್ಡವ್ವಾ. ಏನ್ ಮಾಡಿಸಬೇಕಾಗಿತ್ರಿ?" ಎಂದು ಭಾಗ್ಯಜ್ಯೋತಿ ಕೇಳಿದಳು.

"ಸಾವ್ಕಾರ ಕಳದಾನವ್ವಾ. ಐದು ದಿನ ಆತು."

"ವಯಸ್ಸು ಎಷ್ಟ್ರಿ ಅವರಿಗೆ?"

"ಆರು ವರ್ಸ."

ಭಾಗ್ಯಜ್ಯೋತಿ ಕುರ್ಚಿಯಿಂದ ಎದ್ದಳು. "ಅಯ್ಯೋ ಸಣ್ಣ ಹುಡುಗ! ಪೊಲೀಸರಿಗೆ ಹೇಳೀರಿಲ್ಲೋ?"

"ನಾಯಿಗೆ ಯಾವ ಪೊಲೀಸ್ರವ್ವಾ?" ಎಂದಳು ಬಂಡೆಮ್ಮ.

ಸಾವ್ಕಾರ ಎಂದರೆ ಕುರಿ ಕಾಯುವ ನಾಯಿ. ಪಕ್ಕದ ಹಳ್ಳಿಯಲ್ಲಿ ಮದುವೆ ಮೆರವಣಿಗೆ ಹೊರಟು ಪಟಾಕಿ ಹಚ್ಚಿದಾಗ ಬೆದರಿ ಓಡಿದ್ದು ತಿರುಗಿ ಬಂದಿರಲಿಲ್ಲ. ತೋಳ ಬಂದರೆ ಎದುರು ನಿಲ್ಲುವ ನಾಯಿ ಪಟಾಕಿಗೆ ಓಡಿತಲ್ಲ ಎಂದು ಬಂಡೆಮ್ಮನಿಗೆ ದುಃಖದ ಜೊತೆಗೆ ನಾಚಿಕೆಯೂ ಆಗಿತ್ತು. ಮನುಷ್ಯರು ಕಳೆದರೆ ಫ್ಲೆಕ್ಸ್ ಹಾಕುತ್ತಾರೆಂದು ಯಾರೋ ಹೇಳಿದ್ದು ಕೇಳಿ ಬಂದಿದ್ದಳು.

ಭಾಗ್ಯಜ್ಯೋತಿ ಮೊಬೈಲಿನಿಂದ ಫೋಟೋ ತೆಗೆದುಕೊಂಡು, "ಸಾವ್ಕಾರ ಕಾಣೆಯಾಗಿದ್ದಾನೆ" ಎಂದು ದಪ್ಪ ಅಕ್ಷರದಲ್ಲಿ ಜೋಡಿಸಿ ತೋರಿಸಿದಳು. ಬಂಡೆಮ್ಮ ಬಹಳ ಹೊತ್ತು ಪರದೆ ನೋಡಿದಳು.

"ಅಕ್ಷರ ಎತ್ತಿನಷ್ಟು ಅದಾವ, ನಾಯಿ ಮಾರಿ ಅಂಗೈಯಷ್ಟು ಅದ. ನನ್ನಂಥಾಕಿ ದಾರ್ಯಾಗ ನೋಡಿದ್ರ ಏನ್ ತಿಳೀತದವ್ವಾ? ನನಗ ಓದಾಕ ಬರಂಗಿಲ್ಲ."

ಹಿಂದೆ ನಿಂತಿದ್ದ ಪಾಷಾ ನಕ್ಕರು. "ಬೇಟಿ, ನನಗಿಂತ ದೊಡ್ಡ ಉಸ್ತಾದ್ ಬಂದಾರ ನೋಡು."

ಅಕ್ಷರ ಸಣ್ಣದಾಯಿತು, ಸಾವ್ಕಾರನ ಮುಖ ಫ್ಲೆಕ್ಸ್ ತುಂಬ ಹರಡಿತು. ಪಾಷಾ ಮೂರು ಪ್ರತಿ ಮಾಡಿಸಿ, ತಾವೇ ಆಟೋ ಕರೆಸಿ ಮೂರು ಕಡೆ ಕಟ್ಟಿಸಿದರು. ಯಾವ ಊರಿನ ಸಾವ್ಕಾರ, ಏನು ಹೊಡೆದುಕೊಂಡು ಓಡಿದ ಎಂದು ವಿಚಾರಿಸಲು ಫೋನು ಮಾಡಿದವರೂ ಇದ್ದರು. ನಾಲ್ಕನೇ ದಿನ ಶಹಜಾದಿ ಬೇಗಂ ಅವರ ಫೋನು ಬಂತು.

ಶಹಜಾದಿ ಬೇಗಂ ಉರ್ದು ಶಾಲೆಯ ನಿವೃತ್ತ ಟೀಚರು. ಬೀದಿ ನಾಯಿಗಳಿಗೆ ಅನ್ನ ಹಾಕುವ ರೂಢಿಯವರು. ಸಾವ್ಕಾರ ಒಂಬತ್ತು ದಿನದಿಂದ ಅವರ ಮನೆಯ ಗೇಟಿನೊಳಗೆ ಇದ್ದ. ಆಟೋದಲ್ಲಿ ಹೋಗುವಾಗ ಆ ದೊಡ್ಡ ಮುಖ ಕಂಡಿತ್ತು. ಭಾಗ್ಯಜ್ಯೋತಿ ಬಂಡೆಮ್ಮನನ್ನು ಕರೆದುಕೊಂಡು ಹೋದಳು. ಆದರೆ ಟೀಚರು ಗೇಟು ತೆರೆಯಲಿಲ್ಲ.

"ಬುರಾ ಮತ್ ಮಾನೋ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಬ್ಬರು ಬಂದಿದ್ರು, ಇದು ನಮ್ಮ ನಾಯಿ ಅಂತ. ಛಲೋ ನಾಯಿ ನೋಡಿ ಎಲ್ಲರಿಗೂ ಆಸಿ. ನಾ ಕೊಡಲಿಲ್ಲ. ನಿಮ್ಮದೇ ಅಂತ ನನಗ ಹೆಂಗ ಗೊತ್ತಾಗಬೇಕು?"

ಬಂಡೆಮ್ಮ ರಸ್ತೆಯಲ್ಲೇ ನಿಂತು, ನಾಲಿಗೆಯಿಂದ ಎರಡು ಸಲ ಲೊಚಗುಟ್ಟಿ, "ಹ್ಯೋ… ಹ್ಯೋ… ಸಾವ್ಕಾರಾ, ಬಾರೋ ನನ್ನಪ್ಪಾ" ಎಂದು ಕೂಗಿದಳು. ಒಳಗಿನಿಂದ ಹಗ್ಗ ಹರಿದ ಸದ್ದು. ಸಾವ್ಕಾರ ಗೇಟು ಹಾರಿ ಬಂದು ಅವಳ ಎದೆಗೆ ಕಾಲು ಕೊಟ್ಟ. ಬಂಡೆಮ್ಮ ಹಿಂದಕ್ಕೆ ಕೂತೇಬಿಟ್ಟಳು. ಇಬ್ಬರೂ ಧೂಳಿನಲ್ಲಿ. ಶಹಜಾದಿ ಬೇಗಂ ಕಣ್ಣೊರೆಸಿಕೊಂಡು, "ಇನ್ನ ಯಾವ ಆಧಾರ್ ಕಾರ್ಡೂ ಬ್ಯಾಡ" ಎಂದರು.

ರಸ್ತೆಯ ಆಚೆ, ಕರೆಂಟ್ ಕಂಬ ಹಿಡಿದು ನಿಂತು ಭಾಗ್ಯಜ್ಯೋತಿ ಇದನ್ನೆಲ್ಲ ನೋಡಿದಳು. ನಾಯಿ ಅಷ್ಟು ಎತ್ತರ ಹಾರಿದಾಗ ಕಂಬದ ಹಿಂದಕ್ಕೆ ಸರಿದಿದ್ದಳು. ಆದರೂ ಅಲ್ಲಿಂದ ಹೋಗಲು ಮನಸ್ಸಾಗಲಿಲ್ಲ.

ಆಮೇಲೆ ಚಹಾ ಕುಡಿಯುತ್ತ ಟೀಚರು ಹೇಳಿದ ಮಾತು ಅವಳ ತಲೆಯಲ್ಲಿ ಉಳಿಯಿತು. ಅವರು ಮೊದಲ ದಿನವೇ ನಾಯಿಯ ಫೋಟೋವನ್ನು ರಾಯಚೂರಿನ ಮೂರು ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಆ ಗುಂಪುಗಳಲ್ಲಿ ಲ್ಯಾಬ್ರಡಾರ್, ಪಮೇರಿಯನ್ ಸಾಕಿದ ಡಾಕ್ಟರು, ಲೆಕ್ಚರರು, ವ್ಯಾಪಾರಸ್ಥರು ಇದ್ದರು. ಕುರಿಯವರು ಒಬ್ಬರೂ ಇರಲಿಲ್ಲ. ಬಂಡೆಮ್ಮ ಹುಡುಕುತ್ತಿದ್ದಳು, ಟೀಚರೂ ಹುಡುಕುತ್ತಿದ್ದರು, ನಡುವೆ ಇದ್ದದ್ದು ಎರಡೂವರೆ ಕಿಲೋಮೀಟರು.

ಮರುದಿನ ಭಾಗ್ಯಜ್ಯೋತಿ ಇದನ್ನು ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಗುಲಾಮ್ ದಸ್ತಗೀರನಿಗೆ ಹೇಳಿದಳು. ದಸ್ತಗೀರ್ ಯೂಟ್ಯೂಬ್ ನೋಡಿ ಆ್ಯಪು ಮಾಡುವುದನ್ನು ಕಲಿತಿದ್ದ. ಆಗಲೇ ಒಂದು ದರ್ಜಿ ಅಂಗಡಿಗೆ, ಒಂದು ಟ್ಯೂಷನ್ ಕ್ಲಾಸಿಗೆ ಮಾಡಿಕೊಟ್ಟಿದ್ದ.

"ಮಾಡೋಣಕ್ಕಾ. ಒಳಗಿಂದು ನಾ ನೋಡ್ಕೋತೀನಿ, ಹೊರಗ ಕಾಣೋದು ನೀ ಮಾಡು. ಆದ್ರ ನಿನಗ ನಾಯಿ ಅಂದ್ರ ಆಗಂಗಿಲ್ಲಲ್ಲ?"

"ನಾಯಿ ಸಲುವಾಗಿ ಅಲ್ಲೋ. ಆ ಹೆಣ್ಮಗಳ ಮಾರಿ ನೋಡಿದ್ದಿಲ್ಲ ನೀನು" ಎಂದಳು ಭಾಗ್ಯಜ್ಯೋತಿ.

ಪಾಷಾ ಅವಳನ್ನು ಸಂಜೆ ಐದಕ್ಕೇ ಕೆಲಸದಿಂದ ಬಿಡತೊಡಗಿದರು. ಹಿಂದಿನ ಕೋಣೆಯ ಹಳೆಯ ಕಂಪ್ಯೂಟರನ್ನು ಒರೆಸಿ ಕೊಟ್ಟರು. ನಾಲ್ಕು ತಿಂಗಳಲ್ಲಿ ಒಂದು ಆ್ಯಪು ಸಿದ್ಧವಾಯಿತು. ನೋಡಲು ಅಚ್ಚುಕಟ್ಟಾಗಿತ್ತು. ಹೆಸರು, ಇಮೇಲ್, ಪಾಸ್‌ವರ್ಡ್, ನಾಯಿಯ ತಳಿ, ವಯಸ್ಸು, ಬಣ್ಣ, ಲಸಿಕೆ ಹಾಕಿಸಿದ ದಿನ, ಎಲ್ಲ ತುಂಬಿದರೆ ನಾಯಿಯ ಫೋಟೋ ಸಮೇತ ಒಂದು ಕಾರ್ಡು ಬರುತ್ತಿತ್ತು. ಶಹಜಾದಿ ಬೇಗಂ ತಮ್ಮ ಗುಂಪಿನವರಿಗೆಲ್ಲ ಹೇಳಿದರು. ಒಂದು ತಿಂಗಳಲ್ಲಿ ಊರಿನ ಅರವತ್ತು ನಾಯಿಗಳು ಅದರೊಳಗೆ ಸೇರಿದವು. ಎಲ್ಲರೂ ಹೊಗಳಿದರು.

ಹೊಗಳಿಕೆ ಹೊತ್ತುಕೊಂಡೇ ಭಾಗ್ಯಜ್ಯೋತಿ ಒಂದು ಭಾನುವಾರ ದೇವದುರ್ಗದ ಬಸ್ಸು ಹತ್ತಿ, ಅಲ್ಲಿಂದ ಜಾಲಹಳ್ಳಿಗೆ ಹೋದಳು. ಬಂಡೆಮ್ಮ ಆಗ ಊರಲ್ಲಿದ್ದಳು. ರೊಟ್ಟಿ, ಪುಂಡಿಪಲ್ಯೆ ಹಾಕಿ ಊಟ ಮಾಡಿಸಿದಳು. ಊಟವಾದ ಮೇಲೆ ಭಾಗ್ಯಜ್ಯೋತಿ ಮೊಬೈಲು ಅವಳ ಕೈಗೆ ಕೊಟ್ಟು, "ನೀವೇ ಮಾಡಿ ನೋಡ್ರಿ ದೊಡ್ಡವ್ವಾ" ಎಂದಳು.

ಬಂಡೆಮ್ಮ ಪರದೆಯ ಮೇಲಿದ್ದ ನಾಯಿಯ ಚಿತ್ರ ಒತ್ತಿದಳು. ಏನೂ ಆಗಲಿಲ್ಲ. ಒತ್ತಬೇಕಾದ ಗುಂಡಿ ಕೆಳಗೆ ಮೂಲೆಯಲ್ಲಿತ್ತು. ಭಾಗ್ಯಜ್ಯೋತಿ ತೋರಿಸಿದಳು. ಅಂಗಳದ ಬಿಸಿಲಿಗೆ ಪರದೆ ಕಾಣಲಿಲ್ಲ, ಕೈ ಅಡ್ಡ ಹಿಡಿದರೂ ಕಾಣಲಿಲ್ಲ. ಹಗ್ಗ, ಕುರಿಹಟ್ಟಿಯ ಬಲೆ ಹಿಡಿದು ಒಡೆದ ಬೆರಳು. ಎರಡು ಮೂರು ಸಲ ಒತ್ತಿದರೂ ಮೊಬೈಲಿಗೆ ಗೊತ್ತಾಗಲಿಲ್ಲ. ಆಮೇಲೆ ತಳಿಯ ಪಟ್ಟಿ ಬಂತು, ನಲವತ್ತು ಹೆಸರು. ಭಾಗ್ಯಜ್ಯೋತಿ ಒಂದೊಂದಾಗಿ ಓದಿ ಹೇಳಿದಳು. ಬಂಡೆಮ್ಮನ ನಾಯಿ ಯಾವುದರಲ್ಲೂ ಇರಲಿಲ್ಲ. ಇಮೇಲ್ ಎಂಬಲ್ಲಿಗೆ ಬಂದಾಗ ಬಂಡೆಮ್ಮ ಮೊಬೈಲು ಮೆಲ್ಲಗೆ ಕೆಳಗಿಟ್ಟು, ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡಳು.

"ಬಿಡವ್ವಾ. ಇದು ಶ್ಯಾಣ್ಯಾರಿಗೆ. ನಮಗ ಎಲ್ಲಿ ಬರಬೇಕು."

ಮುನ್ನೂರು ಕುರಿಯ ಮುಖವನ್ನು ಒಂದೊಂದಾಗಿ ಗುರುತಿಸುವ ಹೆಂಗಸು ತಾನು ಜಾಣೆಯಲ್ಲ ಎಂದಿದ್ದಳು. ಹಾಗೆ ಅನ್ನುವಂತೆ ಮಾಡಿದ್ದು ಭಾಗ್ಯಜ್ಯೋತಿಯ ಕೈಕೆಲಸ. ಅವಳು ಬಸ್ಸಿನಲ್ಲಿ ರಾಯಚೂರಿನವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಂಗಡಿಗೆ ಬಂದು ಪಾಷಾ ಅವರಿಗೆ ಹೇಳಿದಾಗ ಅವರು ಸಮಾಧಾನವನ್ನೇನೂ ಹೇಳಲಿಲ್ಲ. "ಮೂರು ಎಣಿಸೋದ್ರಾಗ ತಿಳೀಬೇಕಂತ ನಾ ಹೇಳಿದ್ನಲ್ಲ ಬೇಟಿ? ಮತ್ತ ಮಾಡು" ಎಂದರಷ್ಟೇ.

ಎರಡನೇ ಸಲ ಅವಳು ಮೊಬೈಲು ಒಯ್ಯಲಿಲ್ಲ. ಅಂಗಡಿಯಲ್ಲಿ ಉಳಿದ ಫ್ಲೆಕ್ಸ್ ತುಂಡುಗಳನ್ನು ಮೊಬೈಲಿನ ಅಳತೆಗೆ ಕತ್ತರಿಸಿ, ಅವುಗಳ ಮೇಲೆ ಬರೀ ಚಿತ್ರ ಮುದ್ರಿಸಿಕೊಂಡು ಹೋದಳು. ಬಂಡೆಮ್ಮನ ಮುಂದೆ ಇಸ್ಪೀಟು ಎಲೆಯಂತೆ ಹರಡಿದಳು.

"ನಾಯಿ ಕಳದದ ಅಂತ ಹೇಳಬೇಕು ದೊಡ್ಡವ್ವಾ. ಯಾವುದು ಒತ್ತತೀರಿ?"

ದಸ್ತಗೀರ್ ಹಾಕಿದ್ದ ಭೂತಗನ್ನಡಿಯ ಚಿತ್ರವನ್ನು ಬಂಡೆಮ್ಮ ಎತ್ತಿ ನೋಡಿದಳು. "ಇದೇನು, ಭಜಿ ತಗಿಯೋ ಜಾರಿ ಏನು?" ಗದ್ದೆಪ್ಪ ಗೊಳ್ಳೆಂದು ನಕ್ಕ. ಬಂಡೆಮ್ಮ ತಾನೇ ಹೇಳಿದಳು: "ಖಾಲಿ ಹಗ್ಗ ಹಾಕವ್ವಾ. ಗೂಟ ಐತಿ, ಹಗ್ಗ ಐತಿ, ನಾಯಿ ಇಲ್ಲ. ಕಳದದ ಅನ್ನೋದು ಯಾರಿಗಾದ್ರೂ ತಿಳೀತದ."

ಹಾಗೆ ಖಾಲಿ ಹಗ್ಗ 'ಕಳೆದಿದೆ' ಎಂಬುದರ ಚಿತ್ರವಾಯಿತು. ಹಗ್ಗ ಹಿಡಿದ ಕೈಯ ಪಕ್ಕದಲ್ಲಿ ಕೂತ ನಾಯಿ 'ಸಿಕ್ಕಿದೆ' ಆಯಿತು. ಸೂಜಿಯ ಚಿತ್ರ ಡಾಕ್ಟರಿಗೆ. ಮೂರೇ ಚಿತ್ರ, ಒಂದೊಂದೂ ಹೆಬ್ಬೆರಳಿನ ಎರಡರಷ್ಟು. ಬಿಸಿಲಿಗೂ ಕಾಣಲೆಂದು ಹಳದಿಯ ಮೇಲೆ ಕಪ್ಪು. ತಳಿಯ ಪಟ್ಟಿ ಹೋಯಿತು, ಇಮೇಲೂ ಪಾಸ್‌ವರ್ಡೂ ಹೋದವು. ಸೇರಲು ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು. ಬರೆಯುವುದೇ ಇಲ್ಲ, ಚಿತ್ರ ಒತ್ತಿ ಹಿಡಿದು ಮಾತಾಡಿದರೆ ಆಯಿತು. ಮೂಲೆಯ ಗುಂಡಿ ತೆಗೆದು, ನಾಯಿಯ ಮುಖವನ್ನೇ ಒತ್ತುವಂತೆ ಮಾಡಿದರು.

ಭಾಗ್ಯಜ್ಯೋತಿ ಜಾಲಹಳ್ಳಿಗೆ ಒಟ್ಟು ಹನ್ನೊಂದು ಸಲ ಹೋದಳು. ಅವಳು ಅಂಗಳಕ್ಕೆ ಬಂದರೆ ಗದ್ದೆಪ್ಪ, "ಬಂದ್ಳು ನೋಡು ನಿನ್ನ ಮಾಸ್ತರ್ತಿ" ಎನ್ನುತ್ತಿದ್ದ.

"ಮಾಸ್ತರ್ತಿ ಅವರು ರೀ ಯಪ್ಪಾ. ನಾ ಸಾಲಿಗೆ ಬಂದಾಕಿ" ಎನ್ನುತ್ತಿದ್ದಳು ಭಾಗ್ಯಜ್ಯೋತಿ.

ಆ ಹನ್ನೊಂದರಲ್ಲಿ ಯಾವುದೋ ಒಂದು ಸಲ ಬಂಡೆಮ್ಮ ಕೇಳಿದಳು: "ಇದರಾಗ ನಾ ಸಾವ್ಕಾರನ್ನ ಕೂಗೋ ದನಿ ಇಡಾಕ ಬರ್ತದೇನು? ಸಿಕ್ಕವ್ರು ಅದನ್ನ ಹಚ್ಚಿದ್ರ ಸಾಕು, ಯಾರ ನಾಯಿ ಅಂತ ನಾಯೇ ಹೇಳ್ತದ."

ದಸ್ತಗೀರ್ ಒಂದು ವಾರದಲ್ಲಿ ಅದನ್ನು ಸೇರಿಸಿದ. ಈಗ ಆ್ಯಪಿನಲ್ಲಿ ಪ್ರತಿ ನಾಯಿಯ ಮುಖದ ಹಿಂದೆ ಅದರ ಮನೆಯವರ ಕೂಗು ಇದೆ. ಒಬ್ಬರು ಸಿಳ್ಳೆ ಹಾಕುತ್ತಾರೆ, ಒಬ್ಬರು ಬೈಯುತ್ತಾರೆ, ರಾಯಚೂರಿನ ಡಾಕ್ಟರೊಬ್ಬರು ಜೋಗುಳದ ಧಾಟಿಯಲ್ಲಿ ಕರೆಯುತ್ತಾರೆ. ಇದಕ್ಕೇ ಆ್ಯಪಿಗೆ "ಕೂಗು" ಎಂದು ಹೆಸರಾಯಿತು. ಒಂದು ವರ್ಷದಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಸೇರಿ ಸಾವಿರ ನಾಯಿ ದಾಟಿದವು.

ಆ ನಂತರ ನಡೆದದ್ದನ್ನು ಭಾಗ್ಯಜ್ಯೋತಿ ಹೇಳುವಾಗ ಧ್ವನಿ ಇಳಿಸುತ್ತಾಳೆ.

ಆಷಾಢದ ಒಂದು ಮಧ್ಯಾಹ್ನ. ರಾಯಚೂರು ತಾಲ್ಲೂಕಿನ ಮಟಮಾರಿ ಹಳ್ಳಿಯಿಂದ ಯಾರೋ ಸೂಜಿಯ ಚಿತ್ರ ಒತ್ತಿ, "ಹುಚ್ಚುನಾಯಿ ಬಂದದ, ಬಾಯಾಗ ಜೊಲ್ಲು ಸುರಿಯಾಕತ್ತದ, ಹುಷಾರ್ರೀ" ಎಂದು ಮಾತಾಡಿ, ಫೋಟೋ ಹಾಕಿದರು. ಅಂಥ ಮಾತು ಸುತ್ತಲಿನವರಿಗೆಲ್ಲ ಒಮ್ಮೆಗೇ ಮುಟ್ಟಬೇಕೆಂದು ಭಾಗ್ಯಜ್ಯೋತಿಯೇ ಹಾಗೆ ಮಾಡಿಸಿದ್ದಳು. ಎರಡೇ ನಿಮಿಷದಲ್ಲಿ ಮಟಮಾರಿಯಲ್ಲಿ ಆ್ಯಪು ಇದ್ದ ಎಲ್ಲ ಮೊಬೈಲುಗಳಿಗೂ ಸುದ್ದಿ ಹೋಯಿತು. ಜನ ಬಡಿಗೆ, ಕಲ್ಲು ಹಿಡಿದು ಹೊರಬಂದರು.

ಅದೇ ಹೊತ್ತಿಗೆ ಪಶು ಡಾಕ್ಟರ್ ಚಂದ್ರಕಲಾ ಅಂಗಡಿಗೆ ಫೋನು ಮಾಡಿದರು. ಅವರೂ ತಮ್ಮ ಮೊಬೈಲಿನಲ್ಲಿ "ಕೂಗು" ಇಟ್ಟುಕೊಂಡಿದ್ದರು. "ನಾ ಮಟಮಾರಿಗೆ ಹೊರಟೀನಿ ಭಾಗ್ಯಾ. ಆ ನಾಯಿ ಯಾರದಂತ ನಿಮ್ಮ ಹತ್ರ ಅದ ಏನು ನೋಡು."

ಇತ್ತು. ಫೋಟೋದಲ್ಲಿನ ಬಿಳಿ ಕಿವಿಯ ನಾಯಿ ಮಟಮಾರಿಯದೇ, ಅಂಬರೇಶ ಎಂಬ ಟ್ರ್ಯಾಕ್ಟರ್ ಡ್ರೈವರನದು. ನಾಲ್ಕು ತಿಂಗಳ ಹಿಂದೆ ಲಸಿಕೆ ಹಾಕಿಸಿದ್ದು ದಾಖಲಾಗಿತ್ತು. ಅಂಬರೇಶ ಕೆಲಸಕ್ಕೆಂದು ಮಾನ್ವಿಗೆ ಹೋಗಿದ್ದ, ಫೋನಿಗೆ ಸಿಗಲಿಲ್ಲ. ದಸ್ತಗೀರನ ಬೈಕಿನಲ್ಲಿ ಭಾಗ್ಯಜ್ಯೋತಿ ಮಟಮಾರಿಗೆ ಹೋದಳು.

ನಿಲ್ಲಿಸಿದ್ದ ಟ್ರೇಲರೊಂದರ ಕೆಳಗೆ ನಾಯಿ ಸೇರಿಕೊಂಡಿತ್ತು. ಸುತ್ತ ಐವತ್ತು ಜನ. ಆಗಲೇ ಕಲ್ಲು ಬಿದ್ದು ಅದರ ಹಿಂಗಾಲು ಒಂದು ಕಡೆ ಜೋತಿತ್ತು. ಚಂದ್ರಕಲಾ ಡಾಕ್ಟರು ದಪ್ಪ ಕೈಗವುಸು ಹಾಕಿಕೊಂಡು, "ಹಿಂದ ಸರೀರಿ, ನಾ ನೋಡ್ತೀನಿ" ಎಂದು ಕೂಗುತ್ತಿದ್ದರು. ಯಾರೂ ಸರಿಯುತ್ತಿರಲಿಲ್ಲ. ಹಿಂದಿನಿಂದ ಇನ್ನೊಂದು ಕಲ್ಲು ಬಂತು.

ಭಾಗ್ಯಜ್ಯೋತಿ ಮೊಬೈಲು ತೆಗೆದು, ದನಿ ಪೂರ್ತಿ ಏರಿಸಿ, ಬಿಳಿ ಕಿವಿಯ ನಾಯಿಯ ಮುಖ ಒತ್ತಿದಳು. "ಏ ಬೆಳ್ಳೀ, ಎಲ್ಲಿ ಸತ್ತೀಯಲೇ, ಬಾ ಉಣ್ಣಾಕ!" ಎಂದು ಅಂಬರೇಶನ ಕೂಗು ಹೊರಬಂತು. ಅವಳು ಮತ್ತೆ ಮತ್ತೆ ಒತ್ತಿದಳು. ಗುಂಪಿನಲ್ಲಿ ಯಾರೋ, "ಇದು ನಮ್ಮ ಅಂಬ್ರೇಶನ ದನಿ ಅಲ್ಲೇನಲೇ?" ಎಂದರು. ಮುಂದೆ ನಿಂತ ಮುದುಕರೊಬ್ಬರು ಬಡಿಗೆ ಇಳಿಸಿದರು. ಟ್ರೇಲರಿನ ಕೆಳಗೆ ನಾಯಿ ತಲೆಯೆತ್ತಿತು. ಬಾಲ ಮಣ್ಣಿನ ಮೇಲೆ ಒಂದು ಸಲ ಆಡಿತು.

ಅಷ್ಟು ಬಿಡುವು ಸಿಕ್ಕಿದ್ದೇ ತಡ, ಡಾಕ್ಟರು ಉದ್ದ ಕೋಲಿಗೆ ಸಿಕ್ಕಿಸಿದ ಸೂಜಿಯಿಂದ ಮತ್ತಿನ ಮದ್ದು ಕೊಟ್ಟರು. ನಾಯಿ ಮಲಗಿದ ಮೇಲೆ ಹುಷಾರಾಗಿ ಬಾಯಿ ತೆರೆದು ನೋಡಿದರು. ಮೇಲಿನ ಹಲ್ಲುಗಳ ನಡುವೆ ಅಡ್ಡಲಾಗಿ ಒಂದು ಎಲುಬು ಸಿಕ್ಕಿತ್ತು. ಜೊಲ್ಲು ಸುರಿದದ್ದು ಅದಕ್ಕೆ. ಆದರೂ ಡಾಕ್ಟರು ಹತ್ತು ದಿನ ಅದನ್ನು ಕಟ್ಟಿಹಾಕಿ ಕಣ್ಣಿಟ್ಟರು. ಹುಚ್ಚು ಇರಲಿಲ್ಲ. ಕಾಲು ಮಾತ್ರ ಕುಂಟಾಗಿಯೇ ಉಳಿಯಿತು.

ಸಂಜೆಗೆ ಅಂಬರೇಶ ಬಂದಾಗ ಭಾಗ್ಯಜ್ಯೋತಿ ಅವನ ಮುಂದೆ ನಿಂತು, "ನಂದೇ ತಪ್ಪು ಅಣ್ಣಾ. ನನ್ನ ಆ್ಯಪೇ ನಿಮ್ಮ ನಾಯಿಗೆ ಕಲ್ಲು ಹೊಡಿಸ್ತು" ಎಂದಳು.

"ಅದೇ ಉಳಿಸ್ತಲ್ಲವ್ವಾ" ಎಂದ ಅಂಬರೇಶ. "ನಾ ಇದ್ದಿದ್ರೂ ಅಷ್ಟು ಮಂದಿ ನಡುವೆ ನನ್ನ ದನಿ ಏಳ್ತಿದ್ದಿಲ್ಲ."

ಅವನು ದೊಡ್ಡ ಮನಸ್ಸು ಮಾಡಿ ಹಾಗೆಂದ. ಭಾಗ್ಯಜ್ಯೋತಿ ತನ್ನನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಮೂರು ದಿನ ಆ್ಯಪು ನಿಲ್ಲಿಸಿದಳು. ಈಗ ಕಚ್ಚಿದ ಸುದ್ದಿ, ಹುಚ್ಚುನಾಯಿಯ ಸುದ್ದಿ ಮೊದಲು ಡಾಕ್ಟರಿಗೆ ಹೋಗುತ್ತದೆ. ಅವರು ನೋಡಿ ಹೂಂ ಎಂದ ಮೇಲೆಯೇ ಊರಿಗೆ. ಚಂದ್ರಕಲಾ ಆ ಹೊಣೆ ಹೊತ್ತದ್ದಲ್ಲದೆ ದೇವದುರ್ಗದ ಮತ್ತು ಮಾನ್ವಿಯ ಇಬ್ಬರು ಡಾಕ್ಟರುಗಳನ್ನೂ ಒಪ್ಪಿಸಿದರು. ಯಾರೂ ಇದಕ್ಕೆ ದುಡ್ಡು ಕೇಳಿಲ್ಲ.

ಡಾಕ್ಟರು ಒಂದು ಮಾತು ಸೇರಿಸಲು ಹೇಳಿದರು. ಕಚ್ಚಿಸಿಕೊಂಡವರು ಏನು ಮಾಡಬೇಕು ಎಂಬುದನ್ನು ಜನ ನಂಬುವ ದನಿಯಲ್ಲಿ ಹೇಳಿಸಬೇಕೆಂದು. ಭಾಗ್ಯಜ್ಯೋತಿ ಪೋತ್ನಾಳಕ್ಕೆ ಹೋಗಿ ಅಪ್ಪನ ಮುಂದೆ ಮೊಬೈಲು ಹಿಡಿದಳು. ಉರುಕುಂದಪ್ಪ ಟ್ಯೂಬು ನೀರಲ್ಲಿ ಮುಳುಗಿಸುತ್ತಿದ್ದವನು ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದ: "ನಾಯಿ ಕಚ್ಚಿದ್ರ ಅರಿಷಿಣ, ಸುಣ್ಣ ಏನೂ ಹಚ್ಚಬ್ಯಾಡ್ರಿ. ಸಾಬೂನು ಹಚ್ಚಿ ಹದಿನೈದು ನಿಮಿಷ ನೀರು ಬಿಡ್ರಿ. ತಡ ಮಾಡದಂಗ ದವಾಖಾನಿಗೆ ಹೋಗ್ರಿ. ಈಗ ಹೊಟ್ಟಿಗೆ ಸೂಜಿ ಇಲ್ಲ, ತೋಳಿಗೆ ಹಾಕ್ತಾರ. ಹೆದರಬ್ಯಾಡ್ರಿ. ನನ್ನ ಮಗಳಿಗೂ ಕಚ್ಚಿತ್ತು, ಆರಾಮ ಅದಾಳ." ಕೊನೆಯ ಮಾತು ಬೇಕಿರಲಿಲ್ಲ. ಆದರೆ ತೆಗೆಯಲು ಅವಳಿಗೆ ಮನಸ್ಸು ಬರಲಿಲ್ಲ, ದಸ್ತಗೀರನೂ ಇರಲಿ ಎಂದ.

ಅವಳ ಭಯ ಹೋಯಿತೇ ಎಂದು ಕೇಳಿದರೆ, ಇಲ್ಲ. ಈಗಲೂ ಗಲ್ಲಿಯ ಬಾಯಲ್ಲಿ ನಾಯಿ ಮಲಗಿದ್ದರೆ ಅವಳ ಹೆಜ್ಜೆ ನಿಧಾನವಾಗುತ್ತದೆ. ಆದರೆ ಸುತ್ತು ದಾರಿ ಹಿಡಿಯುವುದಿಲ್ಲ. ದೇವದುರ್ಗದಲ್ಲಿ ಲಸಿಕೆಯ ಶಿಬಿರ ಮಾಡಿದಾಗ ಇನ್ನೂರಕ್ಕೂ ಹೆಚ್ಚು ನಾಯಿಗಳು ಬಂದವು. ಕುರಿಯವರು ತಮ್ಮ ನಾಯಿಗಳನ್ನು ಕಂಬಳಿಯಲ್ಲಿ ಸುತ್ತಿ ಹಿಡಿದು ನಿಂತಿದ್ದರು. ಶಹಜಾದಿ ಬೇಗಂ ರಾಯಚೂರಿನಿಂದ ಬಂದು ಚೀಟಿ ಬರೆದುಕೊಟ್ಟರು. ಭಾಗ್ಯಜ್ಯೋತಿ ಅಂದು ಸಾವ್ಕಾರನ ಬೆನ್ನ ಮೇಲೆ ಮೊದಲ ಸಲ ಕೈ ಇಟ್ಟಳು. ಬಂಡೆಮ್ಮ ನೋಡಿಯೂ ನೋಡದವಳಂತೆ ಇದ್ದಳು. ಅದಕ್ಕೂ ತಾನು ಋಣಿ ಎನ್ನುತ್ತಾಳೆ ಭಾಗ್ಯಜ್ಯೋತಿ; ಯಾರಾದರೂ ಆಗ ಚಪ್ಪಾಳೆ ತಟ್ಟಿದ್ದರೆ ಕೈ ಹಿಂದೆಳೆದುಕೊಳ್ಳುತ್ತಿದ್ದಳಂತೆ.

ಹೋದ ವರ್ಷ ಮಾನ್ವಿಯ ಹುಲಗೆಮ್ಮನ ನಾಯಿ ಕಳೆಯಿತು. ಹುಲಗೆಮ್ಮನದು ಬಸ್ ಸ್ಟ್ಯಾಂಡ್ ಬಳಿ ಮಂಡಾಳು, ಮಿರ್ಚಿ ಮಾರುವ ಬಂಡಿ. ರಾಜಿ ಎಂಬ ಹೆಣ್ಣು ನಾಯಿ ಬಂಡಿಯ ಕೆಳಗೇ ಬೆಳೆದದ್ದು. ಇಪ್ಪತ್ತೆರಡು ದಿನವಾದ ಮೇಲೆ ಬಸ್ ಕಂಡಕ್ಟರೊಬ್ಬರು ರಾಯಚೂರು ರಸ್ತೆಯ ಬದಿಯಲ್ಲಿ ಸತ್ತು ಬಿದ್ದಿದ್ದ ನಾಯಿಯನ್ನು ನೋಡಿ, ಆ್ಯಪಿನ ಫೋಟೋದ ಜೊತೆ ಹೋಲಿಸಿ, ಅದೇ ಎಂದು ಗುರುತಿಸಿದರು. ತಿಳಿಸಬೇಕಲ್ಲ? ಇದ್ದದ್ದು ಮೂರೇ ಚಿತ್ರ. ಅವರು 'ಸಿಕ್ಕಿದೆ' ಒತ್ತಿ, "ಸಿಕ್ಕದರೀ… ಆದ್ರ ಜೀವ ಇಲ್ರಿ" ಎಂದರು.

'ಸಿಕ್ಕಿದೆ' ಎಂದರೆ ಹಲಗೆ ಬಾರಿಸಿದ ಸದ್ದು ಬರುವಂತೆ ಭಾಗ್ಯಜ್ಯೋತಿ ಮಾಡಿದ್ದಳು. ಹುಲಗೆಮ್ಮನ ಮೊಬೈಲಿನಲ್ಲಿ ಹಲಗೆ ಮೊಳಗಿತು. ಅವಳು ಗಿರಾಕಿಗಳ ಮುಂದೆಯೇ ಕೈ ತಟ್ಟಿ ಕುಣಿದಳು. ಆಮೇಲೆ ಮಾತು ಕೇಳಿಸಿತು.

ವಿಷಯ ತಿಳಿದು ಭಾಗ್ಯಜ್ಯೋತಿ ಮಾನ್ವಿಗೆ ಹೋದಳು. ಬಂಡಿಯ ಮುಂದೆ ನಿಂತು, "ಆ ಸದ್ದು ನಾನೇ ಇಟ್ಟಿದ್ದೆ ಯವ್ವಾ" ಎಂದಳು.

ಹುಲಗೆಮ್ಮ ಎಣ್ಣೆಯಿಂದ ಮಿರ್ಚಿ ತೆಗೆದು ಕಾಗದದಲ್ಲಿ ಹಾಕಿ ಅವಳ ಮುಂದೆ ಇಟ್ಟಳು. "ಕುಂದ್ರು ಮೊದಲು. ಇಪ್ಪತ್ತೆರಡು ದಿನ ನಾ ಬಾಗಲಾ ಹಾಕಿದ್ದಿಲ್ಲ, ಬಂದ್ರ ಹೊರಗ ನಿಂತೀತು ಅಂತ. ಕಂಡಕ್ಟರಪ್ಪ ಜಾಗ ಹೇಳಿದ. ಆಟೋದಾಗ ತಂದು ಮನಿ ಹಿಂದ ಬೇವಿನ ಗಿಡದ ಬುಡಕ ಮಣ್ಣು ಮಾಡಿದೆ. ಈಗ ಬಾಗಲಾ ಹಾಕ್ಕೊಂಡು ಮಲಗ್ತೀನಿ. ನೀ ಇಲ್ದಿದ್ರ ನಾ ಇನ್ನೂ ಕಾಯ್ಕೋತ ಕುಂದರ್ತಿದ್ದೆ ತಂಗಿ. ತಪ್ಪು ಅನ್ನಬ್ಯಾಡ ಇದಕ್ಕ."

ಭಾಗ್ಯಜ್ಯೋತಿ ಮಿರ್ಚಿ ಕಟ್ಟುವ ಕಾಗದದ ಮೇಲೆ ಪೆನ್ನಿನಿಂದ ಒಂದು ಚಿತ್ರ ಬರೆದಳು, ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಹಾಕುವಂತೆ ಹಾರ ಹಾಕಿದ ಫೋಟೋ. "ಇಂಥಾ ಸುದ್ದಿಗೆ ಬ್ಯಾರೆ ಚಿತ್ರ ಬೇಕು. ಇದು ಆಗ್ತದೇನ್ರಿ?"

ಹುಲಗೆಮ್ಮ ಒಪ್ಪಲಿಲ್ಲ. "ಹಾರ ಬ್ಯಾಡ. ಬೇವಿನ ಗಿಡ ಬರಿ. ಸದ್ದು ಇಡಬ್ಯಾಡ."

ಆ ವಾರವೇ "ಕೂಗು" ಆ್ಯಪಿಗೆ ನಾಲ್ಕನೇ ಚಿತ್ರ ಬಂತು. ಬೇವಿನ ಗಿಡ, ಕೆಳಗೆ ಒಂದಿಷ್ಟು ನೆರಳು, ಸದ್ದಿಲ್ಲ. ಇದುವರೆಗೆ ಹನ್ನೊಂದು ಮಂದಿ ಅದನ್ನು ಒತ್ತಿದ್ದಾರೆ. ಹನ್ನೊಂದು ಮನೆಯವರೂ, ಸುದ್ದಿ ಮುಟ್ಟಿಸಿದ ಗುರುತಿಲ್ಲದವರಿಗೆ ತಿರುಗಿ ಒಂದು ಮಾತು ಹೇಳಿದ್ದಾರೆ. ಆ ಮಾತುಗಳಲ್ಲಿ ಕೆಲವು ಬರೀ "ಪುಣ್ಯಾ ಬರ್ಲಿ" ಎಂಬಷ್ಟೇ ಉದ್ದ. ಭಾಗ್ಯಜ್ಯೋತಿ ಒಂದನ್ನೂ ಅಳಿಸಿಲ್ಲ.